ಪಟ್ಟು ಬಿಡದ ಪೆಟ್ಟಿಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಸಂದಿಯೊಂದರಲ್ಲಿ, ಇಬ್ಬರು ಕೂತರೆ ಮೂರನೆಯವರು ನಿಂತೇ ಇರಬೇಕಾದ ಅಂಗಡಿ. ನೆಲಕ್ಕೆ ಹಳೆಯ ಕಂಬಳಿ, ಅದರ ಮೇಲೆ ಎರಡು ಮರದ ರೀಪು, ರೀಪುಗಳ ಮೇಲೆ ಬೋರಲು ಮಲಗಿದ ನನ್ನ ಸೋದರಮಾವನ ಸ್ಪೀಕರ್ ಪೆಟ್ಟಿಗೆ. “ಇವತ್ತು ಇಷ್ಟೇ ಸಾರ್, ನಾಳೆ ಬನ್ನಿ” ಎಂದರು ಉಸ್ತಾದ್. ಸುತ್ತಲಿನ ಅಂಗಡಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ವಯಸ್ಸು ಎಪ್ಪತ್ತು ದಾಟಿದೆ. ಎಲ್ಲರೂ ಕೈಬಿಟ್ಟ ಹಳೆಯ ಸ್ಪೀಕರುಗಳು ಕೊನೆಗೆ ಬಂದು ಸೇರುವುದು ಇವರ ಬಳಿಗೆ.

ಮಾವ 1972ರಲ್ಲಿ ಅಮೆರಿಕದಿಂದ ಮರಳುವಾಗ ತಂದ ಜೋಡಿ ಇದು, ‘ಎಆರ್‌-3ಎ’. ಒಂದೊಂದು ಪೆಟ್ಟಿಗೆ ಸುಮಾರು 24 ಕಿಲೋ. ಒಳಗೆ ತಗ್ಗು ಸ್ವರ ನುಡಿಸುವ 12 ಇಂಚಿನ ವೂಫರ್, ಅದರ ಮೇಲೆ ಗುಬುಟಿನಂಥ ಎರಡು ಚಿಕ್ಕ ಡ್ರೈವರ್‌ಗಳು. ಮಲ್ಲಿಕಾರ್ಜುನ ಮನ್ಸೂರರ ತಂಬೂರಿ ಈ ಪೆಟ್ಟಿಗೆಯಿಂದ ನೆಲದ ಮೂಲಕ ಅಂಗಾಲಿಗೆ ಬರುತ್ತಿದ್ದುದು ನನಗಿನ್ನೂ ನೆನಪಿದೆ. ಈಚೆಗೆ ಮೇಲಿನ ಸ್ವರಗಳು ಬಂದು ಬಂದು ಹೋಗುತ್ತಿದ್ದವು. ಬೇರೊಂದು ಕಡೆ ರಿಪೇರಿಗೆ ಕೊಟ್ಟಾಗ ವೂಫರಿನ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ದರು. ವಾಲ್‌ನಟ್ ವಿನೀರ್ ಚಕ್ಕೆ ಎದ್ದಿತು, ಉಪಕರಣ ಜಾರಿ ಕೋನ್ ಹರಿಯಿತು, ವೂಫರ್ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಅದು ಅಷ್ಟು ಬಿಗಿಯಾಗಿ ಕೂತಿರಲು ಕಾರಣವಿದೆ. ಎಡ್ಗರ್ ವಿಲ್ಚರ್ ಎಂಬ ಮೇಷ್ಟ್ರು, ತಮ್ಮ ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ (ಎಆರ್) ಸಂಸ್ಥೆ ಕಟ್ಟಿದರು. ಅಲ್ಲಿಯವರೆಗೆ ತಗ್ಗು ಸ್ವರ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಪೆಟ್ಟಿಗೆಯನ್ನು ಚಿಕ್ಕದು ಮಾಡಿ, ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕ ಗಾಳಿಯನ್ನೇ ಕೋನಿಗೆ ಸ್ಪ್ರಿಂಗ್ ಆಗಿಸಿದರು. 1956ರಲ್ಲಿ ಪೇಟೆಂಟ್ ಸಿಕ್ಕಿತು. ಪೆಟ್ಟಿಗೆಯಲ್ಲಿ ಎಲ್ಲಿ ಗಾಳಿ ಸೋರಿದರೂ ಆ ಸ್ಪ್ರಿಂಗ್ ಸಡಿಲವಾಗುತ್ತದೆ. ಅದಕ್ಕೇ ವೂಫರಿನ ಚೌಕಟ್ಟಿನಡಿಗೆ ಸುತ್ತಲೂ ಪುಟ್ಟಿ ಒತ್ತಿ ಸ್ಕ್ರೂ ಬಿಗಿಯುತ್ತಿದ್ದರು. ಐವತ್ತು ವರ್ಷದಲ್ಲಿ ಆ ಪುಟ್ಟಿ ಒಣಗಿ ಮರಕ್ಕೂ ಲೋಹಕ್ಕೂ ಬೆಸೆದುಕೊಂಡಿದೆ. ಈ ಪೆಟ್ಟಿಗೆಗೆ ಹಿಂಬಾಗಿಲೂ ಇಲ್ಲ. ಒಳಗಿನ ಯಾವ ರಿಪೇರಿಯಾದರೂ ವೂಫರ್ ಕೂತ ತೂತಿನಿಂದಲೇ ಆಗಬೇಕು.

ಉಸ್ತಾದ್ ಮೊದಲು ಕೋನಿಗೆ ದಪ್ಪ ರಟ್ಟು ಮುಚ್ಚಿದರು. ಇಲ್ಲದಿದ್ದರೆ ವೂಫರಿನ ಅಯಸ್ಕಾಂತ ಕಬ್ಬಿಣದ ಉಪಕರಣವನ್ನು ಕೈಯಿಂದ ಕಿತ್ತುಕೊಂಡು ಕಾಗದದ ಕೋನಿಗೆ ಚುಚ್ಚಿಸಿಬಿಡುತ್ತದೆ. ಆಮೇಲೆ ಸ್ಕ್ರೂಗಳ ಸರದಿ. ಎಲ್ಲವನ್ನೂ ತೆಗೆದು, ಎದುರುಬದುರಿನ ಎರಡನ್ನು ಮಾತ್ರ ನಾಲ್ಕು ಸುತ್ತು ಸಡಿಲಿಸಿ ಉಳಿಸಿದರು. ಕೂದಲು ಒಣಗಿಸುವ ಯಂತ್ರದಿಂದ ಚೌಕಟ್ಟಿನ ಅಂಚಿಗಷ್ಟೇ ಬಿಸಿಗಾಳಿ ಹಿಡಿದರು. ಆಗಾಗ ಬೆರಳಿಟ್ಟು ನೋಡುತ್ತಿದ್ದರು, ಕೈ ಸುಡುವಷ್ಟು ಕಾದರೆ ಕೋನಿನ ಸುತ್ತಲಿನ ಫೋಮ್ ಹೋದಂತೆಯೇ. ಮೆತ್ತಗಾದ ಕಡೆ ಪುಟ್ಟಿ ಬಳಿಯುವ ತೆಳು ಲೋಹದ ಪಟ್ಟಿಯನ್ನು ತೂರಿಸಿ, ಮೀಟದೆ, ಅಂಚಿನುದ್ದಕ್ಕೂ ಎಳೆದರು. ಒಂದು ಸುತ್ತು ಮುಗಿಯಲು ಮುಕ್ಕಾಲು ಗಂಟೆ. ಕೊನೆಗೆ ಪೆಟ್ಟಿಗೆಯನ್ನು ಬೋರಲು ಹಾಕಿ ಎದ್ದರು. ಇನ್ನು ಅಯಸ್ಕಾಂತದ ಭಾರವೇ ಕೆಳಕ್ಕೆ ಜಗ್ಗಬೇಕು. ಉಳಿಸಿದ ಆ ಎರಡು ಸ್ಕ್ರೂ ಇರುವುದು, ಬಿಟ್ಟುಕೊಂಡ ವೂಫರ್ ಬೀಳದಿರಲಿ ಎಂದು.

ಮಾರನೆಯ ದಿನ ಏನೂ ಆಗಿರಲಿಲ್ಲ. ಮತ್ತೆ ಬಿಸಿಗಾಳಿ, ಮತ್ತೆ ಪಟ್ಟಿ, ಮತ್ತೆ ಬೋರಲು. “ಜೋರು ಮಾಡಿದ್ರೆ ಅದೂ ಜೋರು ಮಾಡ್ತದೆ ಸಾರ್” ಎಂದು ಚಹಾ ತರಿಸಿದರು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾವು ಬೇರೇನೋ ಮಾತಾಡುತ್ತಿದ್ದಾಗ, ಒಣಗಿದ ಹುಣಸೆ ಸಿಪ್ಪೆ ಮುರಿದಂಥ ಸದ್ದು ಬಂತು. ಉಸ್ತಾದ್ ಚಹಾದ ಲೋಟ ಕೆಳಗಿಟ್ಟರು.

ಮುಂದಿನದು ಬೇಗ ಆಯಿತು. ತಂತಿಗಳಿಗೆ ಕೆಂಪು, ಕಪ್ಪು ದಾರ ಕಟ್ಟಿ ಗುರುತು ಮಾಡಿ ಬೆಸುಗೆ ಬಿಡಿಸಿದರು. ಮೂಗಿಗೆ ಕರವಸ್ತ್ರ ಕಟ್ಟಿ ಗಾಜಿನ ನಾರನ್ನು ಹೊರತೆಗೆದರು. ಒಳಗೆ, ಮೇಲಿನ ಸ್ವರ ಹೆಚ್ಚು ಕಡಿಮೆ ಮಾಡುವ ಎರಡು ನಿಯಂತ್ರಕಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಈ ಮಾದರಿಯ ಹಳೆಯ ರೋಗವೇ ಅದು. ಅವನ್ನು ಉಜ್ಜಿ, ಹರಿದ ಕೋನಿಗೆ ತೆಳು ಕಾಗದದ ತೇಪೆ ಹಾಕಿದರು. 1.5 ವೋಲ್ಟಿನ ಸೆಲ್ ಮುಟ್ಟಿಸಿ ಕೋನ್ ಮುಂದಕ್ಕೆ ಚಿಮ್ಮುವುದನ್ನು ನೋಡಿ ತಂತಿಯ ದಿಕ್ಕು ಖಚಿತ ಮಾಡಿಕೊಂಡರು.

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ಇದರ ಹಿರಿಯಣ್ಣ ಎಆರ್‌-3ಕ್ಕೆ ಜಾಗವಿದೆ ಎಂದು ನಾನು ಹೇಳಿದೆ. ಉಸ್ತಾದ್‌ಗೆ ಖುಷಿಯಾಯಿತು. “ಅಲ್ಲಿ ಹಾಡ್ತದಾ?” ಎಂದು ಕೇಳಿದರು.

ಇಂಥ ಪೆಟ್ಟಿಗೆಗಳನ್ನು ಬಿಚ್ಚಲು ಬಾರದೆ ಹಳೆ ಸಾಮಾನಿನವರಿಗೆ ತೂಕಕ್ಕೆ ಹಾಕುವವರಿದ್ದಾರೆ. ಬಿಚ್ಚಬಲ್ಲವರು ಇನ್ನೂ ಇದ್ದಾರೆ, ದಯವಿಟ್ಟು ಹುಡುಕಿ. ಉಸ್ತಾದ್ ಬಳಿ ಕಲಿಯುತ್ತಿದ್ದ ಹುಡುಗ ಎದುರಿನ ಮೊಬೈಲ್ ಅಂಗಡಿ ಸೇರಿ ಎರಡು ವರ್ಷವಾಯಿತು. ಅವನ ಸ್ಟೂಲಿನ ಮೇಲೆ ಈಗ ಬೆಸುಗೆ ಕಡ್ಡಿಯ ಡಬ್ಬಿ ಇದೆ.

ವೂಫರ್ ಮತ್ತೆ ಕೂರಿಸುವಾಗ ಅವರು ಹಳೆಯ ಬಗೆಯ ಪುಟ್ಟಿ ಹಾಕಲಿಲ್ಲ. ಗಾಳಿ ಬಿಡದ, ಆದರೆ ಸುಲಭವಾಗಿ ಕಳಚಿಕೊಳ್ಳುವ ಫೋಮ್ ಪಟ್ಟಿಯನ್ನು ಅಳೆದು ಕತ್ತರಿಸಿ ಸುತ್ತಲೂ ಅಂಟಿಸಿದರು. ಏಕೆಂದು ಕೇಳಿದೆ.

“ಮುಂದೆ ಬಿಚ್ಚೋರಿಗೆ ತೊಂದ್ರೆ ಆಗ್ಬಾರ್ದು” ಎಂದರು, ಪಟ್ಟಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತ.