ರಸಬಾಳೆಯನ್ನು ಸೊರಗಿಸುವವರು ಯಾರು?

ಮಕ್ಕಳೇ, ನಂಜನಗೂಡು ರಸಬಾಳೆಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ನಿಮ್ಮಲ್ಲಿ ಎಷ್ಟು ಜನ ಅದನ್ನು ತಿಂದಿದ್ದೀರಿ? ಸೋಸಲೆಯಿಂದ ನಂಜನಗೂಡು ದೂರದ ಊರೇನಲ್ಲ. ಆದರೂ ಅಂಗಡಿಗಳಲ್ಲಿ ತೂಗುವ ಗೊನೆಗಳಲ್ಲಿ ಹೆಚ್ಚಿನವು ಪಚ್ಚಬಾಳೆ, ಏಲಕ್ಕಿಬಾಳೆ. ದೇವರಸನಹಳ್ಳಿಯ ಸುತ್ತಮುತ್ತ ಹೆಸರಾಗಿದ್ದ ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಷ್ಟರಲ್ಲಿ ಅದರ ತೋಟಗಳೇ ವಿರಳವಾಗಿದ್ದವು. ಇದಕ್ಕೆ ಒಂದು ದೊಡ್ಡ ಕಾರಣ ಪನಾಮ ಸೊರಗು ರೋಗ. ಅದನ್ನು ತರುವುದು ಫ್ಯುಸೇರಿಯಂ ಎಂಬ ಶಿಲೀಂಧ್ರ.

ಅಣಬೆ, ಹಳಸಿದ ರೊಟ್ಟಿಯ ಮೇಲಿನ ಬೂಷ್ಟು ಇವೂ ಶಿಲೀಂಧ್ರಗಳೇ. ಅವು ಹೊರಗೆ ಕಾಣುತ್ತವೆ. ಫ್ಯುಸೇರಿಯಂ ಹಾಗಲ್ಲ. ಅದು ಮಣ್ಣಿನಿಂದ ಬೇರಿನ ಮೂಲಕ ಒಳಹೊಕ್ಕು, ನೀರು ಸಾಗಿಸುವ ನಾಳಗಳಲ್ಲಿ ಬೆಳೆಯುತ್ತದೆ. ನಾಳಗಳು ಕಟ್ಟಿಕೊಂಡಾಗ ತೋಟದ ತುಂಬ ನೀರಿದ್ದರೂ ಬಾಳೆ ಬಾಯಾರಿ ಸೊರಗುತ್ತದೆ.

ಮೊದಲು ಹಳೆಯ ಎಲೆಗಳ ಅಂಚು ಹಳದಿಯಾಗುತ್ತದೆ. ಬಳಿಕ ಎಲೆಗಳು ದಂಟಿನಲ್ಲಿ ಮುರಿದು ಕಾಂಡದ ಸುತ್ತ ಲಂಗದಂತೆ ಜೋತುಬೀಳುತ್ತವೆ. ಕಾಂಡದ ಬುಡ ಉದ್ದಕ್ಕೆ ಸೀಳುವುದೂ ಉಂಟು. ಹಾಗಾದರೆ ಎಲೆ ಹಳದಿಯಾದೊಡನೆ ಸೊರಗು ರೋಗ ಎನ್ನಬಹುದೇ? ಬೇಡ. ಪೊಟ್ಯಾಷ್ ಕಡಿಮೆಯಾದರೂ ಹಳೆಯ ಎಲೆಗಳೇ ಅಂಚಿನಿಂದ ಹಳದಿಯಾಗುತ್ತವೆ. ಅದಕ್ಕೆ ಗೊಬ್ಬರ ಹಾಕಿದರೆ ಸಾಕು. ಸೊರಗು ರೋಗಕ್ಕೆ ಎಷ್ಟು ಗೊಬ್ಬರ ಸುರಿದರೂ ಹಣ ದಂಡ. ಆದ್ದರಿಂದ ಕಾಂಡವನ್ನು ಅಡ್ಡ ಕತ್ತರಿಸಿ ನೋಡಬೇಕು (ಈ ಕೆಲಸ ದೊಡ್ಡವರದು). ಆರೋಗ್ಯವಂತ ಬಾಳೆಯ ಪಟ್ಟೆಗಳು ಬೆಳ್ಳಗಿರುತ್ತವೆ. ರೋಗದ ಬಾಳೆಯಲ್ಲಿ ಕೆಂಪುಕಂದು ಚುಕ್ಕೆಗಳು, ಗೆರೆಗಳು ಕಾಣುತ್ತವೆ. ಅವೇ ಕಟ್ಟಿಹೋದ ನಾಳಗಳು.

ಇನ್ನೂ ಒಂದು ಅನುಮಾನ ಉಳಿಯುತ್ತದೆ. ಬ್ಯಾಕ್ಟೀರಿಯಾಗಳೂ ಗಿಡವನ್ನು ಸೊರಗಿಸಬಲ್ಲವು. ಟೊಮ್ಯಾಟೊ ಗಿಡದಲ್ಲಿ ಇದು ಸಾಮಾನ್ಯ. ಸೊರಗಿದ ಟೊಮ್ಯಾಟೊ ಕಾಂಡದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಟ್ಟು ಕೆಲವು ನಿಮಿಷ ಕಾಯಿರಿ. ಹಾಲಿನಂತಹ ಎಳೆ ಇಳಿದುಬಂದರೆ ಅದು ಬ್ಯಾಕ್ಟೀರಿಯಾ. ಶಿಲೀಂಧ್ರದಿಂದ ಸೊರಗಿದ್ದರೆ ಹಾಗೆ ಇಳಿಯುವುದಿಲ್ಲ.

ಖಚಿತವಾಗಿ ಹೇಳಲು ಪ್ರಯೋಗಾಲಯ ಬೇಕು. ಕಂದು ಗೆರೆಯ ಚೂರನ್ನು ತೊಳೆದು, ಆಲೂಗಡ್ಡೆ ಸಾರು ಮತ್ತು ಅಗರ್ ಸೇರಿಸಿ ಮಾಡಿದ ಜೆಲ್ಲಿಯ ಮೇಲಿಡುತ್ತಾರೆ. ಕೆಲವು ದಿನಗಳಲ್ಲಿ ಹತ್ತಿಯಂತಹ ಬಿಳಿ ಎಳೆಗಳು ಹರಡುತ್ತವೆ. ಅವುಗಳಲ್ಲಿ ನಸುನೇರಳೆ ಛಾಯೆಯೂ ಇರಬಹುದು. ಸೂಕ್ಷ್ಮದರ್ಶಕದಲ್ಲಿ ಕುಡುಗೋಲಿನಂತೆ ಬಾಗಿದ ಬೀಜಾಣುಗಳು ಕಂಡರೆ ಅದು ಫ್ಯುಸೇರಿಯಂ. ಆದರೆ ಸತ್ತ ಗಿಡದ ಮೇಲೆ ಹತ್ತಾರು ಬಗೆಯ ಬೂಷ್ಟು ಬರುತ್ತದೆ. ಸಾವಿನ ಮನೆಗೆ ಬಂದವರೆಲ್ಲ ಕೊಂದವರಲ್ಲವಷ್ಟೆ! ಅದಕ್ಕೇ ಆ ಶಿಲೀಂಧ್ರವನ್ನು ಆರೋಗ್ಯವಂತ ಬಾಳೆಗಿಡಕ್ಕೆ ಸೋಂಕಿಸುತ್ತಾರೆ. ಅದೇ ರೋಗ ಬಂದು, ಆ ಗಿಡದಿಂದಲೂ ಅದೇ ಶಿಲೀಂಧ್ರ ದೊರೆತರೆ ಮಾತ್ರ ಅಪರಾಧ ಸಾಬೀತು. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ರಾಬರ್ಟ್ ಕಾಕ್ ರೂಪಿಸಿದ ನಿಯಮಗಳು ಇವು.

ಈ ಶಿಲೀಂಧ್ರದ ದಪ್ಪಗೋಡೆಯ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತವೆ. ಅಂಗಾಂಶ ಕೃಷಿಯಿಂದ ಪಡೆದ ಶುದ್ಧ ಸಸಿಯನ್ನು ತಂದರೂ, ಅದೇ ಮಣ್ಣಿನಲ್ಲಿ ನೆಟ್ಟರೆ ರೋಗ ತಪ್ಪದು. ರೋಗದ ತೋಟದ ಕಂದು, ಗುದ್ದಲಿಗೆ ಮೆತ್ತಿದ ಮಣ್ಣು, ಹರಿಯುವ ನೀರು ಇವೆಲ್ಲ ಅದನ್ನು ಪಕ್ಕದ ತೋಟಕ್ಕೆ ಒಯ್ಯುತ್ತವೆ.

ಮಧ್ಯ ಅಮೆರಿಕದಲ್ಲಿ ‘ಗ್ರೋ ಮಿಷೆಲ್’ ಎಂಬ ಬಾಳೆಯ ತೋಟಗಳನ್ನು ಈ ರೋಗ 1960ರ ದಶಕದ ಹೊತ್ತಿಗೆ ಹಾಳುಮಾಡಿತ್ತು. ಅದರ ಜಾಗಕ್ಕೆ ಬಂದದ್ದು ನಮ್ಮ ಪಚ್ಚಬಾಳೆಯ ಬಳಗದ ಕ್ಯಾವೆಂಡಿಷ್. ಗ್ರೋ ಮಿಷೆಲ್ ಅನ್ನು ಕೆಡಿಸಿದ ‘ರೇಸ್ 1’ ಎಂಬ ಬಗೆ ಇದನ್ನು ಕೆಡಿಸಲಾರದು. ಆದರೆ ಇದನ್ನೂ ಬಿಡದ ‘ಟಿಆರ್ 4’ ಎಂಬ ಇನ್ನೊಂದು ಬಗೆ ಈಗ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಂಡುಬಂದಿದೆ. ಇವೆರಡೂ ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಾಣುತ್ತವೆ. ಬೇರ್ಪಡಿಸಿ ಗುರುತಿಸಲು ಡಿಎನ್‌ಎ ಪರೀಕ್ಷೆಯೇ ಆಗಬೇಕು.