ಮಗುವಿಗೆ ಕನ್ನಡಕ: ಎಲ್ಲಿ ಕೊಳ್ಳಬೇಕು, ಹೇಗೆ ಕೊಳ್ಳಬೇಕು?



ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿರೆಂದು ಈ ಪತ್ರಿಕೆಯಲ್ಲಿ ಅನೇಕ ಸಲ ಹೇಳಿದ್ದೇವೆ. ಯಾವ ಸತ್ವ ಕಡಿಮೆಯಾಗಿದೆಯೆಂದು ತಿಳಿಯದೆ ಚೀಲಗಟ್ಟಲೆ ಗೊಬ್ಬರ ಸುರಿದರೆ ಹಣವೂ ಹೋಯಿತು, ಬೆಳೆಯೂ ಬರಲಿಲ್ಲ. ಮಕ್ಕಳ ಕನ್ನಡಕದ ವಿಷಯದಲ್ಲಿಯೂ ಹೀಗೆಯೇ. "ಕನ್ನಡಕ ಎಲ್ಲಿ ಅಗ್ಗವಾಗಿ ಸಿಗುತ್ತದೆ?" ಎಂದು ಕೇಳುವವರು ಬಹಳ ಮಂದಿ. "ಮಗುವಿನ ಕಣ್ಣನ್ನು ಸರಿಯಾಗಿ ನೋಡಿ ನಂಬರು ಬರೆದುಕೊಡುವವರು ಯಾರು?" ಎಂದು ಕೇಳುವವರು ಕಡಿಮೆ. ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಬೇಕು. ಅದು ಇತ್ಯರ್ಥವಾದರೆ ಅಗ್ಗದ ಕನ್ನಡಕವೂ ಒಳ್ಳೆಯ ಕನ್ನಡಕವೇ ಆಗುತ್ತದೆ. ಅದು ತಪ್ಪಿದರೆ ಎಷ್ಟು ಬೆಲೆ ಕೊಟ್ಟರೂ ವ್ಯರ್ಥ.

ಚಾಳೀಸು ಬೇರೆ, ಮಗುವಿನ ಕನ್ನಡಕ ಬೇರೆ

ನಮ್ಮ ಹಿರಿಯರು ಕನ್ನಡಕಕ್ಕೆ ಚಾಳೀಸು ಎನ್ನುವುದುಂಟು. ಹಿಂದೂಸ್ತಾನಿಯಲ್ಲಿ ಚಾಳೀಸ್ ಎಂದರೆ ನಲವತ್ತು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಬರುವಂಥದು. ಅದಕ್ಕೆ ಸಂತೆಯಲ್ಲಿ ಸಿಗುವ ಸಿದ್ಧ ಕನ್ನಡಕ ಹಾಕಿಕೊಂಡು ಅಜ್ಜನವರು ಪಂಚಾಂಗ ಓದಬಹುದು. ಅದರ ಎರಡು ಗಾಜಿಗೂ ಒಂದೇ ನಂಬರು ಇರುತ್ತದೆ.

ಮಗುವಿನ ಕಣ್ಣು ಹಾಗಲ್ಲ. ಎಡಗಣ್ಣಿಗೆ ಒಂದು ನಂಬರು, ಬಲಗಣ್ಣಿಗೆ ಇನ್ನೊಂದು ನಂಬರು ಇರಬಹುದು. ಕೆಲವರಿಗೆ ಸಿಲಿಂಡರ್ ಎಂಬ ನಂಬರೂ, ಅದನ್ನು ಯಾವ ಓರೆಯಲ್ಲಿ ಕೂರಿಸಬೇಕೆಂಬ ಅಳತೆಯೂ ಬೇಕಾಗುತ್ತದೆ. ಆದುದರಿಂದ ಸಂತೆಯ, ಜಾತ್ರೆಯ ಕನ್ನಡಕವನ್ನಾಗಲಿ, ಅಣ್ಣನ ಹಳೆಯ ಕನ್ನಡಕವನ್ನಾಗಲಿ ಮಗುವಿಗೆ ಹಾಕಲೇಬಾರದು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸುಮಾರು ಏಳೆಂಟು ವರ್ಷದವರೆಗೆ ಮಗುವಿನ ಮಿದುಳು ನೋಡುವುದನ್ನು ಕಲಿಯುತ್ತಿರುತ್ತದೆ. ಒಂದು ಕಣ್ಣಿನಿಂದ ಮಸುಕಾದ ಚಿತ್ರವೇ ಬರುತ್ತಿದ್ದರೆ ಮಿದುಳು ಆ ಕಣ್ಣನ್ನು ಬಿಟ್ಟು ಇನ್ನೊಂದನ್ನೇ ನೆಚ್ಚಿಕೊಳ್ಳುತ್ತದೆ. ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಕನ್ನಡಕ ಹಾಕಿ, ವೈದ್ಯರು ಹೇಳಿದಂತೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಪಟ್ಟಿ ಕಟ್ಟಿದರೆ ಸೋಮಾರಿ ಕಣ್ಣು ಚೇತರಿಸಿಕೊಳ್ಳುತ್ತದೆ. ವಯಸ್ಸು ಮೀರಿದಷ್ಟೂ ಇದು ಕಷ್ಟ. ಹದ ತಪ್ಪಿದ ಮೇಲೆ ಬಿತ್ತಿದ ಬೀಜದ ಗತಿ ನಿಮಗೆ ಗೊತ್ತೇ ಇದೆ.

ನನ್ನ ವೃತ್ತದ ಒಂದು ಹಳ್ಳಿಯಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಅವಳ ಕಣ್ಣು ಚೆನ್ನಾಗಿದೆಯೆಂದೇ ಮನೆಯವರ ನಂಬಿಕೆ. ಶಾಲೆಯ ತಪಾಸಣೆಯಲ್ಲಿ ಎಡಗಣ್ಣನ್ನು ಮುಚ್ಚಿದಾಗ ಬಲಗಣ್ಣಿಗೆ ಕರಿಹಲಗೆಯ ದೊಡ್ಡ ಅಕ್ಷರವೂ ಕಾಣಲಿಲ್ಲ. ಒಂದು ಕಣ್ಣು ಸರಿಯಿದ್ದರೆ ಇನ್ನೊಂದರ ದೋಷ ಮಗುವಿಗೂ ತಿಳಿಯದು, ತಂದೆತಾಯಿಗಳಿಗೂ ತಿಳಿಯದು. "ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ" ಎಂದು ತಳ್ಳುವುದರಿಂದ ಆಗುವ ನಷ್ಟವನ್ನು ಮುಂದೆ ಹಣದಿಂದ ತುಂಬಲಾಗುವುದಿಲ್ಲ.

ಮೊದಲು ಚೀಟಿ, ಆಮೇಲೆ ಅಂಗಡಿ

ಮಕ್ಕಳ ಕಣ್ಣಿನ ಸ್ನಾಯುಗಳಿಗೆ ಬಲ ಹೆಚ್ಚು. ಪರೀಕ್ಷೆಯ ಹೊತ್ತಿನಲ್ಲಿ ಅವು ಬಿಗಿದುಕೊಂಡು ನಿಜವಾದ ನಂಬರನ್ನು ಮರೆಮಾಡುತ್ತವೆ. ಅದಕ್ಕಾಗಿ ಕಣ್ಣಿಗೆ ಔಷಧಿಯ ಹನಿ ಬಿಟ್ಟು, ಸ್ನಾಯು ಸಡಿಲವಾದ ಮೇಲೆ ವೈದ್ಯರು ಪರೀಕ್ಷೆ ಮಾಡುತ್ತಾರೆ. ಅಂಗಡಿಯ ಯಂತ್ರದ ಮುಂದೆ ಎರಡು ನಿಮಿಷ ಕೂರಿಸಿ ತೆಗೆದ ನಂಬರು ಮಗುವಿನ ವಿಷಯದಲ್ಲಿ ಹೆಚ್ಚಾಗಿ ಬರುವುದುಂಟು. "ಕನ್ನಡಕ ಕೊಂಡರೆ ಪರೀಕ್ಷೆ ಉಚಿತ" ಎಂಬ ಫಲಕವನ್ನು ನೋಡಿ ಮಗುವಿನ ಮೊದಲ ಪರೀಕ್ಷೆಯನ್ನು ಅಲ್ಲಿ ಮುಗಿಸಬೇಡಿರಿ.

ಹನಿ ಬಿಟ್ಟ ಮೇಲೆ ಕೆಲವು ಗಂಟೆಗಳಿಂದ ಒಂದೆರಡು ದಿನ, ಕೆಲವು ಔಷಧಿಗಳಲ್ಲಿ ಇನ್ನೂ ಹೆಚ್ಚು ಕಾಲ, ಹತ್ತಿರದ ಅಕ್ಷರ ಮಸುಕಾಗಿ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಹೆದರಬೇಕಾಗಿಲ್ಲ. ಶಾಲೆಯ ಪರೀಕ್ಷೆಯ ದಿನಗಳನ್ನು ಬಿಟ್ಟು ಹೋದರೆ ಸಾಕು. ಹಿಂದಿರುಗುವ ಮೊದಲು ನಂಬರಿನ ಚೀಟಿಯನ್ನು ಕೇಳಿ ಪಡೆಯಿರಿ. ಎರಡು ಕಣ್ಣಿನ ಪಾಪೆಗಳ ನಡುವಣ ಅಂತರವನ್ನೂ ಮಿಲಿಮೀಟರಿನಲ್ಲಿ ಬರೆಯಿಸಿಕೊಳ್ಳಿ. ಇದಕ್ಕೆ ಪಿ. ಡಿ. ಎನ್ನುತ್ತಾರೆ. ಚೀಟಿ ಕೈಯಲ್ಲಿದ್ದರೆ ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸುವ ಸ್ವಾತಂತ್ರ್ಯ ನಿಮ್ಮದಾಗುತ್ತದೆ.

ಹಣವಿಲ್ಲದೆ ದೊರೆಯುವ ಕಡೆ

ಕೊಳ್ಳುವ ಮೊದಲು ಉಚಿತವಾಗಿ ದೊರೆಯುವುದೇ ಎಂದು ವಿಚಾರಿಸಬೇಕು. ೧೯೭೬ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ದೃಷ್ಟಿದೋಷವಿರುವ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುವ ಏರ್ಪಾಡಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಸರ್ಕಾರಿ ಶಾಲೆಗೆ ವರ್ಷಕ್ಕೆ ಒಮ್ಮೆ, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯದೆ ಶಾಲೆಗೆ ಕಳುಹಿಸಿ. ತಂಡ ಬರುವ ದಿನವನ್ನು ಶಾಲೆಯ ಮೇಷ್ಟ್ರು ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯವರನ್ನು ಕಂಡರೆ ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಜಿಲ್ಲಾ ಆಸ್ಪತ್ರೆಯುಂಟು. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೊ ಕಣ್ಣಿನ ಆಸ್ಪತ್ರೆಯುಂಟು.

ಇಲ್ಲಿ ಒಂದು ಎಚ್ಚರಿಕೆ. ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದರು. ಅಂದಿನಿಂದ ಕಣ್ಣಿನ ಶಿಬಿರವೆಂದರೆ ನಮಗೆ ಬಲು ನಂಬಿಕೆ. ಆದರೆ ಹಿರಿಯರ ಪೊರೆಗಾಗಿ ನಡೆಯುವ ಶಿಬಿರದಲ್ಲಿ ಮಕ್ಕಳ ಪರೀಕ್ಷೆಯ ಅನುಕೂಲ ಇರಲಿಕ್ಕಿಲ್ಲ. ಮಗುವನ್ನು ಕರೆದೊಯ್ಯುವ ಮೊದಲು ಕೇಳಿ ತಿಳಿಯಿರಿ.

ಹಣ ಕೊಟ್ಟು ಕೊಳ್ಳುವಾಗ

ಉಚಿತ ಕನ್ನಡಕ ಬರುವುದು ತಡವಾಗುವಂತಿದ್ದರೆ ಅಥವಾ ಅದರ ಚೌಕಟ್ಟು ಮಗುವಿಗೆ ಒಪ್ಪದಿದ್ದರೆ ಕೊಳ್ಳಲೇಬೇಕು. ಧರ್ಮಸಂಸ್ಥೆಗಳು ನಡೆಸುವ ಕಣ್ಣಿನ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಕನ್ನಡಕವೂ ಒಂದೇ ಕಡೆ, ಸಾಧಾರಣ ಬೆಲೆಗೆ ದೊರೆಯುವುದುಂಟು. ಹತ್ತಿರದಲ್ಲಿ ಅಂಥದಿದ್ದರೆ ಅಲ್ಲಿ ಮೊದಲು ವಿಚಾರಿಸಿ. ಇಲ್ಲದಿದ್ದರೆ ತಾಲ್ಲೂಕು ಪೇಟೆಯ ಅಂಗಡಿ.

ದೂರದ ನಗರದಲ್ಲಿ ಇನ್ನೂರು ರೂಪಾಯಿ ಕಡಿಮೆಯೆಂದು ಹೋಗುವವರು ಇಬ್ಬರ ಬಸ್ಸಿನ ಖರ್ಚನ್ನೂ ಒಂದು ದಿನದ ಕೂಲಿಯನ್ನೂ ಲೆಕ್ಕ ಹಾಕಬೇಕು. ಮಗು ಓಡುತ್ತದೆ, ಬೀಳುತ್ತದೆ, ಕನ್ನಡಕದ ಮೇಲೆ ಕೂರುತ್ತದೆ. ಕಡ್ಡಿ ಬಾಗಿದಾಗ ನೇರ ಮಾಡಲು, ತಿರುಪು ಬಿಗಿಯಲು ವರ್ಷದಲ್ಲಿ ನಾಲ್ಕು ಸಲವಾದರೂ ಹೋಗಬೇಕಾಗುತ್ತದೆ. ಸಂತೆಯ ದಿನ ಹೋಗಿ ಬರುವಷ್ಟು ಹತ್ತಿರ ಅಂಗಡಿಯಿದ್ದರೆ ಅದೇ ಲಾಭ.

ಮೊಬೈಲಿನಲ್ಲಿ ತರಿಸುವ ಕನ್ನಡಕ ಕೆಲವೊಮ್ಮೆ ಅಗ್ಗ. ಆದರೆ ಮಗುವಿನ ಮೂಗಿಗೆ ಕೂರಿಸಿ ನೋಡುವವರು ಅಲ್ಲಿಲ್ಲ. ನಂಬರು ಹೆಚ್ಚಿರುವ ಅಥವಾ ಸಿಲಿಂಡರ್ ನಂಬರಿರುವ ಮಗುವಿಗೆ, ಮತ್ತು ಮೊದಲ ಕನ್ನಡಕಕ್ಕೆ, ಆ ದಾರಿ ಬೇಡ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು:

೧. ಚೌಕಟ್ಟಿಗೆ ಎಷ್ಟು, ಗಾಜಿಗೆ ಎಷ್ಟು, ಕೂರಿಸುವುದಕ್ಕೆ ಎಷ್ಟು? ಬೇರೆ ಬೇರೆಯಾಗಿ ಹೇಳಿ.

೨. ಮುಂದಿನ ವರ್ಷ ನಂಬರು ಬದಲಾದರೆ ಇದೇ ಚೌಕಟ್ಟಿಗೆ ಹೊಸ ಗಾಜು ಹಾಕಿಕೊಡುವಿರಾ?

೩. ಒಂದೇ ಗಾಜು ಒಡೆದರೆ ಅದೊಂದಕ್ಕೆ ಎಷ್ಟು?

೪. ನಂಬರು ತಪ್ಪಿದ್ದರೆ ಬೇರೆ ಮಾಡಿಕೊಡುವಿರಾ? ಎಷ್ಟು ದಿನದೊಳಗೆ?

ಒಂದು ಲೆಕ್ಕ ನೋಡಿ. ಇದು ಲೆಕ್ಕದ ದಾರಿ ತೋರಿಸಲು ಮಾತ್ರ, ಪೇಟೆಯ ಧಾರಣೆಯಲ್ಲ. ಒಂದು ಅಂಗಡಿಯಲ್ಲಿ ಚೌಕಟ್ಟು ೫೦೦, ಗಾಜು ೭೦೦, ಒಟ್ಟು ೧,೨೦೦ ರೂಪಾಯಿ. ಇನ್ನೊಂದರಲ್ಲಿ ಎಲ್ಲ ಸೇರಿ ೧,೦೦೦ ರೂಪಾಯಿ, ಆದರೆ ಚೌಕಟ್ಟು ಒಂದು ವರ್ಷ ಬಾಳುವಂಥದು. ಮರುವರ್ಷ ನಂಬರು ಬದಲಾದಾಗ ಮೊದಲನೆಯ ಕಡೆ ಗಾಜು ಮಾತ್ರ ಹಾಕಿಸಿದರೆ ಎರಡು ವರ್ಷದ ಖರ್ಚು ೧,೯೦೦. ಎರಡನೆಯ ಕಡೆ ೨,೦೦೦. ಮಕ್ಕಳ ನಂಬರು ಬದಲಾಗುತ್ತಲೇ ಇರುವುದರಿಂದ ಒಂದು ದಿನದ ಬೆಲೆಯನ್ನಲ್ಲ, ಎರಡು ವರ್ಷದ ಬೆಲೆಯನ್ನು ನೋಡಬೇಕು.

ಬಿಲ್ಲು ತಪ್ಪದೆ ಪಡೆಯಿರಿ. ನಂಬರಿನ ಕನ್ನಡಕದ ಗಾಜು ಮತ್ತು ಚೌಕಟ್ಟಿನ ಮೇಲಿನ ಜಿ. ಎಸ್. ಟಿ. ತೆರಿಗೆಯನ್ನು ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡಾ ೧೨ರಿಂದ ೫ಕ್ಕೆ ಇಳಿಸಲಾಗಿದೆ. ವ್ಯವಹಾರದಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ೧೯೧೫ ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ಆಗ ಬಿಲ್ಲು ಬೇಕಾಗುತ್ತದೆ.

ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ

ಗಾಜು ಎಂದು ಬಾಯಿಮಾತಿಗೆ ಹೇಳುತ್ತೇವೆಯೇ ಹೊರತು ಮಗುವಿಗೆ ನಿಜವಾದ ಗಾಜು ಬೇಡ. ಅದು ಒಡೆದರೆ ಚೂರು ಕಣ್ಣಿಗೇ ಹೋಗುತ್ತದೆ. ಪ್ಲಾಸ್ಟಿಕ್ಕಿನದಿರಲಿ. ಸಾಧ್ಯವಾದರೆ ಪಾಲಿಕಾರ್ಬೊನೇಟ್ ಎಂಬುದನ್ನು ಕೇಳಿ. ಅದು ಪೆಟ್ಟು ತಾಳುತ್ತದೆ. ಆದರೆ ಬೇಗ ಗೀರು ಬೀಳುವುದರಿಂದ ಗೀರು ತಡೆಯುವ ಲೇಪ ಬೇಕು. ಒಂದೇ ಕಣ್ಣು ಚೆನ್ನಾಗಿರುವ ಮಗುವಿಗಂತೂ ಈ ಖರ್ಚು ಮಾಡಲೇಬೇಕು.

ಮೊಬೈಲಿನ ನೀಲಿ ಬೆಳಕು ತಡೆಯುತ್ತದೆಂದು ಮಾರುವ ಲೇಪಕ್ಕೆ ಹೆಚ್ಚು ಹಣ ಕೊಡಬೇಡಿ. ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುವುದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಬಿಸಿಲಿಗೆ ಕಪ್ಪಾಗುವ ಗಾಜು, ಹೆಸರಾಂತ ಕಂಪನಿಯ ಚೌಕಟ್ಟು ಇವೂ ಅಗತ್ಯವಲ್ಲ.

ಬೆಳೆಯುವ ಮಗುವೆಂದು ಅಂಗಿಯನ್ನು ಎರಡು ಬೆರಳು ದೊಡ್ಡದಾಗಿ ಹೊಲಿಸುತ್ತೇವೆ. ಕನ್ನಡಕಕ್ಕೆ ಈ ಲೆಕ್ಕ ಹಿಡಿಯಬಾರದು. ಕಣ್ಣಿನ ಪಾಪೆ ಗಾಜಿನ ನಡುಭಾಗಕ್ಕೆ ಸರಿಯಾಗಿ ಬರಬೇಕು. ತಲೆ ತಗ್ಗಿಸಿದರೆ ಮೂಗಿನಿಂದ ಜಾರಬಾರದು, ಕಿವಿಯ ಹಿಂದೆ ಒತ್ತಬಾರದು. ಮೈನಸ್ ನಂಬರು ಹೆಚ್ಚಿದ್ದರೆ ಚಿಕ್ಕ ಚೌಕಟ್ಟನ್ನೇ ಆರಿಸಿ. ಆಗ ಗಾಜಿನ ಅಂಚು ದಪ್ಪವಾಗುವುದಿಲ್ಲ, ತೂಕವೂ ಕಡಿಮೆ.

ತಂದ ಮೇಲೆ

ಕನ್ನಡಕ ಕೈಗೆ ಬಂದೊಡನೆ ಚೀಟಿಗೆ ಹೊಂದುವುದೇ ಎಂದು ಲೆನ್ಸೋಮೀಟರ್ ಯಂತ್ರದಲ್ಲಿ ತೋರಿಸಲು ಹೇಳಿ. ಸಾಧ್ಯವಾದರೆ ಆಸ್ಪತ್ರೆಯಲ್ಲಿಯೂ ತೋರಿಸಿ. ನೀವೇ ಮಾಡಬಹುದಾದ ಒಂದು ಪರೀಕ್ಷೆಯೂ ಉಂಟು. ಕನ್ನಡಕವನ್ನು ನಿಮ್ಮ ಕಣ್ಣಿನಿಂದ ನಾಲ್ಕು ಬೆರಳು ದೂರ ಹಿಡಿದು, ಒಂದು ಗಾಜಿನ ಮೂಲಕ ದೂರದ ಕಂಬವನ್ನು ನೋಡುತ್ತ ಎಡಬಲಕ್ಕೆ ಅಲ್ಲಾಡಿಸಿ. ಮೈನಸ್ ಗಾಜಾದರೆ ಗಾಜು ಹೋದ ಕಡೆಗೇ ಕಂಬವೂ ಹೋದಂತೆ ಕಾಣುತ್ತದೆ. ಪ್ಲಸ್ ಗಾಜಾದರೆ ಎದುರು ದಿಕ್ಕಿಗೆ ಹೋದಂತೆ ಕಾಣುತ್ತದೆ. ಚೀಟಿಯಲ್ಲಿ ಮೈನಸ್ ಇದ್ದು ಗಾಜು ಪ್ಲಸ್ ಆಗಿದ್ದರೆ ಕೂಡಲೇ ಹಿಂದಿರುಗಿಸಿ.

ಧೂಳು ಕೂತ ಗಾಜನ್ನು ಸೆರಗಿನಿಂದಲೋ ಟವಲಿನಿಂದಲೋ ಒಣಗಿದ್ದಂತೆಯೇ ಒರೆಸಬೇಡಿ. ನೀರಿನಲ್ಲಿ ತೊಳೆದು ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ. ವರ್ಷಕ್ಕೊಮ್ಮೆ, ಚಿಕ್ಕ ಮಕ್ಕಳಿಗೆ ವೈದ್ಯರು ಹೇಳಿದಂತೆ ಆರು ತಿಂಗಳಿಗೊಮ್ಮೆ, ನಂಬರು ನೋಡಿಸಿ.

ಕೆಲವು ಮಾತುಗಳು

"ಕನ್ನಡಕ ಹಾಕಿದರೆ ನಂಬರು ಏರುತ್ತದೆ" ಎನ್ನುತ್ತಾರೆ. ಇದು ನಿಜವಲ್ಲ. ಕಣ್ಣು ಬೆಳೆದಂತೆ ನಂಬರು ಬದಲಾಗುತ್ತದೆ. ಕನ್ನಡಕ ಹಾಕದಿದ್ದರೆ ಅದು ನಿಲ್ಲುವುದಿಲ್ಲ. "ಹೆಣ್ಣುಮಗಳಿಗೆ ಕನ್ನಡಕ ಹಾಕಿಸಿದರೆ ನಾಳೆ ಸಂಬಂಧ ಕೂಡಿಬರುವುದಿಲ್ಲ" ಎಂದೂ ಹೇಳುತ್ತಾರೆ. ಕರಿಹಲಗೆ ಕಾಣದೆ ದಡ್ಡಿಯೆನಿಸಿಕೊಂಡು ಶಾಲೆ ಬಿಟ್ಟ ಹುಡುಗಿಗೆ ಯಾವ ಸಂಬಂಧ ಬಂದರೆ ತಾನೆ ಏನು? ಗಂಡುಮಗನಿಗೆ ಮಾಡುವ ಖರ್ಚನ್ನು ಅವಳಿಗೂ ಮಾಡಬೇಕು.

ಈ ವಾರವೇ ಒಂದು ಕೆಲಸ ಮಾಡಿ. ಹಗಲು ಬೆಳಕಿನಲ್ಲಿ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿ ಮಗುವನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ತಾರೀಖು ಓದಿಸಿ, ಆಮೇಲೆ ಇನ್ನೊಂದನ್ನು ಮುಚ್ಚಿ ಓದಿಸಿ. ಒಂದು ಕಣ್ಣಿಗೆ ಕಂಡದ್ದು ಇನ್ನೊಂದಕ್ಕೆ ಕಾಣದಿದ್ದರೆ, ಮಗು ಕಣ್ಣು ಕಿರಿದು ಮಾಡಿದರೆ, ತಲೆ ಓರೆ ಮಾಡಿದರೆ, ಮೆಳ್ಳೆಗಣ್ಣಿದ್ದರೆ, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಕ್ಷರ ಬಾರದ ಚಿಕ್ಕ ಮಕ್ಕಳನ್ನೂ ಬಿಡಬೇಡಿ. ಅವರ ಕಣ್ಣನ್ನು ನೋಡುವ ವಿಧಾನ ವೈದ್ಯರಿಗೆ ಗೊತ್ತಿದೆ. ಚೀಟಿ ಓದುವುದು ತೊಡಕಾದರೆ ಪಂಚಾಯಿತಿ ಕಚೇರಿಗೆ ತನ್ನಿರಿ, ಕೂತು ನೋಡೋಣ.

— ನಿಮ್ಮ ಗ್ರಾಮಸೇವಕ