ಬೊಕ್ಕಸ ತುಂಬುವವರು ಯಾರು?

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಹದಿನಾರನೇ ಬಜೆಟ್ ಮಂಡಿಸಿದಾಗ ಕರ್ನಾಟಕದ ಆಯವ್ಯಯದ ಗಾತ್ರ ಮೊದಲ ಬಾರಿಗೆ ನಾಲ್ಕು ಲಕ್ಷ ಕೋಟಿಯ ಗಡಿ ದಾಟಿತು. 2025-26ನೇ ಸಾಲಿಗೆ ಅವರು ಮುಂದಿಟ್ಟ ಮೊತ್ತ 4,09,549 ಕೋಟಿ ರೂಪಾಯಿ. ಅಲ್ಲಿಂದಾಚೆಗೆ ನಡೆದ ವಾದವಿವಾದವೆಲ್ಲ ಖರ್ಚಿನ ಸುತ್ತಲೇ ಸುತ್ತಿತು: ಐದು ಗ್ಯಾರಂಟಿಗಳಿಗೆ ಎಷ್ಟು, ಯಾವ ಜಿಲ್ಲೆಗೆ ಏನು, ಯಾವ ಸಮುದಾಯಕ್ಕೆ ಯಾವ ನಿಗಮ, ರಸ್ತೆಗೆ ದುಡ್ಡು ಉಳಿಯಿತೇ ಇಲ್ಲವೇ. ಸದನದಲ್ಲೂ ಅದೇ, ಟೀವಿಯಲ್ಲೂ ಅದೇ. ಸರ್ಕಾರದ ಆದ್ಯತೆ ಏನೆಂಬುದು ಅದು ಎಲ್ಲಿ ಖರ್ಚು ಮಾಡುತ್ತದೆ ಎಂಬುದರಿಂದ ತಿಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದು ಅರ್ಧ ಸತ್ಯ. ಆ ಹಣವನ್ನು ಯಾರಿಂದ ತೆಗೆದುಕೊಳ್ಳುತ್ತದೆ ಎಂಬುದರಲ್ಲಿ ಉಳಿದರ್ಧವಿದೆ. ಕರ್ನಾಟಕದ ಬಜೆಟ್‌ನ ದೊಡ್ಡ ಅನ್ಯಾಯ ಅಡಗಿರುವುದು ಯಾರೂ ಓದದ ಆ ಜಮೆಯ ಪುಟಗಳಲ್ಲಿ ಎಂಬುದು ಈ ಲೇಖನದ ವಾದ.

ಜಮೆಯ ಲೆಕ್ಕವನ್ನು ಒಮ್ಮೆ ನೋಡೋಣ. ಆ ಸಾಲಿನಲ್ಲಿ ನಿರೀಕ್ಷಿಸಿದ ರಾಜಸ್ವ ಜಮೆ 2,92,477 ಕೋಟಿ. ಅದರಲ್ಲಿ ರಾಜ್ಯದ ಸ್ವಂತ ತೆರಿಗೆಯೇ 2,08,100 ಕೋಟಿ. ಕೇಂದ್ರ ತೆರಿಗೆಯ ಪಾಲು 51,877 ಕೋಟಿ, ಕೇಂದ್ರದ ಅನುದಾನ 16,000 ಕೋಟಿ. ಸ್ವಂತ ತೆರಿಗೆಯನ್ನು ಬಿಡಿಸಿದರೆ ವಾಣಿಜ್ಯ ತೆರಿಗೆ 1,20,000 ಕೋಟಿ, ಅಬಕಾರಿ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿ 28,000 ಕೋಟಿ, ಮೋಟಾರು ವಾಹನ ತೆರಿಗೆ 15,000 ಕೋಟಿ. ಇವುಗಳಲ್ಲಿ ಅತಿ ದೊಡ್ಡದಾದ ವಾಣಿಜ್ಯ ತೆರಿಗೆಯ ಮುಖ್ಯ ಭಾಗವಾದ ಜಿಎಸ್‌ಟಿಯ ದರ ನಿಗದಿ 2017ರ ಜುಲೈನಿಂದ ರಾಜ್ಯದ ಕೈಯಲ್ಲಿಲ್ಲ. ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಒಂದು ಮತವಿದೆ, ಅಷ್ಟೇ. ಜಿಎಸ್‌ಟಿ ಜಾರಿಯಿಂದಾದ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರದ ಅವಧಿ 2022ರ ಜೂನ್‌ಗೆ ಮುಗಿಯಿತು. 2025ರ ಸೆಪ್ಟೆಂಬರ್ 22ರಿಂದ ದರಗಳು ಇಳಿದಾಗಲೂ ರಾಜ್ಯ ತನ್ನ ಆತಂಕವನ್ನು ಹೇಳಿಕೊಳ್ಳಬಹುದಿತ್ತೇ ಹೊರತು ತಡೆಯುವಂತಿರಲಿಲ್ಲ. ಹಾಗಾಗಿ ರಾಜ್ಯ ತಾನೇ ತಿರುಗಿಸಬಲ್ಲ ನಲ್ಲಿಗಳು ನಾಲ್ಕೈದೇ ಉಳಿದಿವೆ: ಮದ್ಯ, ಪೆಟ್ರೋಲ್ ಮತ್ತು ಡೀಸೆಲ್, ಆಸ್ತಿ ನೋಂದಣಿ, ವಾಹನ, ಗಣಿ. ಇವುಗಳಲ್ಲಿ ಯಾವುದನ್ನು ಮೊದಲು ತಿರುಗಿಸುತ್ತದೆ ಎಂಬುದು ಸಂಪೂರ್ಣವಾಗಿ ರಾಜ್ಯ ಸರ್ಕಾರದ್ದೇ ಆಯ್ಕೆ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. ಡೀಸೆಲ್ ಮೇಲಿನದ್ದು ಆಗಲೇ ಶೇ 18.44ಕ್ಕೆ ಏರಿದ್ದು, 2025ರ ಏಪ್ರಿಲ್‌ನಲ್ಲಿ ಮತ್ತೆ ಶೇ 21.17 ಆಯಿತು. ಸರಕು ಲಾರಿಯ ಬಾಡಿಗೆಯಲ್ಲಿ, ಟೊಮೆಟೊ ಬೆಲೆಯಲ್ಲಿ ಅದು ಎಲ್ಲರ ಮನೆಗೂ ಬರುತ್ತದೆ. ಬಡವನ ಮನೆಗೆ ಅದರ ಭಾರ ಹೆಚ್ಚು.

ಇನ್ನು ಮದ್ಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಅಬಕಾರಿ ಆದಾಯದ ಗುರಿ 2023-24ರಲ್ಲಿ 36,000 ಕೋಟಿ, ಮರುವರ್ಷ 38,525 ಕೋಟಿ, ಅದರ ಮರುವರ್ಷ 40,000 ಕೋಟಿ. ರಾಜ್ಯದ ಸ್ವಂತ ತೆರಿಗೆಯ ಪ್ರತಿ ನೂರು ರೂಪಾಯಿಯಲ್ಲಿ ಹತ್ತೊಂಬತ್ತು ರೂಪಾಯಿ ಮದ್ಯದಿಂದ ಬರುತ್ತದೆ. ಈ ಅಂಕಿಯ ಪಕ್ಕಕ್ಕೆ ಇನ್ನೊಂದು ಅಂಕಿ ಇಡಿ. ಅದೇ ಬಜೆಟ್‌ನಲ್ಲಿ ಗೃಹಲಕ್ಷ್ಮಿಗೆ ಇಟ್ಟದ್ದು 28,608 ಕೋಟಿ. ತಿಂಗಳಿಗೆ ಎರಡು ಸಾವಿರದಂತೆ ಸುಮಾರು 1 ಕೋಟಿ 19 ಲಕ್ಷ ಮನೆಯೊಡತಿಯರಿಗೆ ವರ್ಷಕ್ಕೆ ತಲಾ 24 ಸಾವಿರ. ಮದ್ಯದಿಂದ ಎತ್ತುವ ಹಣವನ್ನು ಅಷ್ಟೇ ಮನೆಗಳಿಗೆ ಹಂಚಿ ನೋಡಿದರೆ ಮನೆಯೊಂದಕ್ಕೆ 33 ಸಾವಿರ ದಾಟುತ್ತದೆ. ಮದ್ಯವೆಲ್ಲ ಈ ಮನೆಗಳಲ್ಲೇ ಖರ್ಚಾಗುತ್ತದೆ ಎಂದು ಯಾರೂ ಹೇಳಲಾರರು. ಬೆಂಗಳೂರಿನ ಪಬ್‌ಗಳ ತೆರಿಗೆಯೂ ಅದರಲ್ಲಿದೆ. ಆದರೂ ಕೂಲಿಯವನು ತನ್ನ ದಿನದ ದುಡಿಮೆಯಲ್ಲಿ ಎಷ್ಟು ಪಾಲನ್ನು ಇದಕ್ಕೆ ತೆರುತ್ತಾನೆ, ಐಷಾರಾಮಿ ಬ್ರ್ಯಾಂಡ್ ಕುಡಿಯುವವನು ತನ್ನ ಆದಾಯದಲ್ಲಿ ಎಷ್ಟು ಪಾಲನ್ನು ತೆರುತ್ತಾನೆ ಎಂದು ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಲು ಅಧ್ಯಯನ ಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ನೆರೆರಾಜ್ಯಗಳ ದರಕ್ಕೆ ಹೊಂದಿಸುವ ನೆಪದಲ್ಲಿ ದುಬಾರಿ ಮದ್ಯದ ಬೆಲೆಯನ್ನು ಸರ್ಕಾರ ಇಳಿಸಿತು ಎಂಬುದನ್ನೂ ಇಲ್ಲಿ ಮರೆಯಬಾರದು. ಮನೆಯ ಹೆಂಗಸಿನ ಖಾತೆಗೆ ಹಣ ಹಾಕುವ ಸರ್ಕಾರವೇ ಅದೇ ಮನೆಯ ಗಂಡಸಿನ ಕುಡಿತವನ್ನು ತನ್ನ ಆದಾಯದ ಆಧಾರಸ್ತಂಭ ಮಾಡಿಕೊಂಡಿದ್ದರೆ, ಆ ಹಣವನ್ನು ಪೂರ್ತಿಯಾಗಿ ನೆರವು ಎಂದು ಕರೆಯುವುದು ಕಷ್ಟ.

ಇದಕ್ಕೆ ಎರಡು ಆಕ್ಷೇಪಗಳಿವೆ. ತೆರಿಗೆ ಹೆಚ್ಚಿಸಿದರೆ ಕುಡಿತ ಕಡಿಮೆಯಾಗುತ್ತದೆ, ಹಾಗಾಗಿ ಇದು ಆರೋಗ್ಯ ನೀತಿ ಎನ್ನುವುದು ಒಂದು. ಕುಡಿತ ಇಳಿಸುವುದೇ ಉದ್ದೇಶವಾಗಿದ್ದರೆ ಆ ಬಾಬ್ತಿನ ಆದಾಯ ಕ್ರಮೇಣ ಕುಗ್ಗುತ್ತದೆಂದು ಬಜೆಟ್ ಲೆಕ್ಕ ಹಾಕಬೇಕಿತ್ತು. ವರ್ಷ ವರ್ಷ ಗುರಿ ಏರಿಸಿ ಇಲಾಖೆಯ ಬೆನ್ನಿಗೆ ಬೀಳುವುದು ಆರೋಗ್ಯ ನೀತಿಯ ಲಕ್ಷಣವಲ್ಲ. ಪಾನನಿಷೇಧ ಎಲ್ಲೂ ಗೆದ್ದಿಲ್ಲ, ಬಿಹಾರ 2016ರಲ್ಲಿ ನಿಷೇಧಿಸಿದ ಮೇಲೂ ಕಳ್ಳಭಟ್ಟಿ ಕುಡಿದು ಸಾಯುವವರ ಸುದ್ದಿ ನಿಂತಿಲ್ಲ ಎನ್ನುವುದು ಇನ್ನೊಂದು. ಈ ಮಾತು ನಿಜ. ಕರ್ನಾಟಕವೂ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಗೆ ತಿರುಗಿದರು. ನಾಳೆಯೇ ಬಾಗಿಲು ಮುಚ್ಚಿ ಎಂಬ ಬೇಡಿಕೆ ಇಲ್ಲಿಲ್ಲ. ಅಬಕಾರಿ ಹಣದ ಮೇಲಿನ ಅವಲಂಬನೆಯನ್ನು ಹಂತ ಹಂತವಾಗಿ ಇಳಿಸುವ ಯೋಜನೆಯೊಂದು ಬಜೆಟ್‌ನಲ್ಲಿ ಇರಬೇಕು ಎಂಬುದಷ್ಟೇ ಬೇಡಿಕೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಬೇಡಿಕೆಯನ್ನು ಪೂರ್ತಿ ಒಪ್ಪದ ಸರ್ಕಾರ ಕೂಡ, ಅವರು ಏಕೆ ನಡೆದರು ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ಜಮೆಯ ಪುಟದಲ್ಲೇ.

ಹಾಗಾದರೆ ಆ ಕೊರತೆಯನ್ನು ತುಂಬುವುದು ಎಲ್ಲಿಂದ? ಉಳ್ಳವರಿಂದ ಕೇಳಲು ಇರುವ ದಾರಿಗಳನ್ನು ರಾಜ್ಯ ಎಷ್ಟು ಸಂಕೋಚದಿಂದ ಬಳಸುತ್ತಿದೆ ನೋಡಿ. ಕರ್ನಾಟಕದಲ್ಲಿ ತಿಂಗಳಿಗೆ 25 ಸಾವಿರ ಸಂಬಳ ಪಡೆಯುವ ಗುಮಾಸ್ತ ಇನ್ನೂರು ರೂಪಾಯಿ ವೃತ್ತಿ ತೆರಿಗೆ ಕಟ್ಟುತ್ತಾನೆ. ತಿಂಗಳಿಗೆ ಐದು ಲಕ್ಷ ಪಡೆಯುವ ಐಟಿ ಕಂಪನಿಯ ಉಪಾಧ್ಯಕ್ಷರೂ ಕಟ್ಟುವುದು ಅದೇ ಇನ್ನೂರು. ಸಂವಿಧಾನದ 276ನೇ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ, ಆ ಮಿತಿ ನಿಗದಿಯಾದದ್ದು 1988ರಲ್ಲಿ. ಅಂದಿನ 2,500 ರೂಪಾಯಿಗೂ ಇಂದಿನ 2,500ಕ್ಕೂ ಇರುವ ಅಂತರ ಯಾರಿಗೂ ಹೇಳಿಕೊಡಬೇಕಿಲ್ಲ. 2025ರಲ್ಲಿ ರಾಜ್ಯ ಮಾಡಿದ್ದು ಫೆಬ್ರುವರಿಯಲ್ಲಿ ಮಾತ್ರ ಮುನ್ನೂರು ವಸೂಲಿ ಮಾಡಿ ಆ ಮಿತಿಯನ್ನು ಮುಟ್ಟಿದ್ದು. ಕೇಂದ್ರದ ಮುಂದೆ ಇಡಬೇಕಾದ ಬೇಡಿಕೆಗಳ ಪಟ್ಟಿಯಲ್ಲಿ ಈ ಮಿತಿಯ ಪರಿಷ್ಕರಣೆ ಮೊದಲ ಸಾಲಿನಲ್ಲಿರಬೇಕು. ದೇಶದ ಐಟಿ ರಾಜಧಾನಿ ಇರುವ ರಾಜ್ಯಕ್ಕೆ ಇದರಿಂದ ಆಗುವಷ್ಟು ಲಾಭ ಬೇರೆ ಯಾವ ರಾಜ್ಯಕ್ಕೂ ಆಗದು.

ಆಸ್ತಿಯದ್ದೂ ಇದೇ ಕಥೆ. 45 ಲಕ್ಷದವರೆಗಿನ ಫ್ಲ್ಯಾಟ್‌ಗಳ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ, ಒಳ್ಳೆಯದೇ. ಅಲ್ಲಿಂದ ಮೇಲೆ ಎಪ್ಪತ್ತು ಲಕ್ಷದ ಮನೆಗೂ ಇಪ್ಪತ್ತು ಕೋಟಿಯ ಬಂಗಲೆಗೂ ಒಂದೇ ಶೇ 5. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿದಾಗಲೂ ಎಲ್ಲರಿಗೂ ಸಮನಾಗಿಯೇ ಏರಿಸಲಾಯಿತು. ಸಾಲ ಮಾಡಿ ಮೊದಲ ಮನೆ ಕೊಳ್ಳುವ ಶಾಲಾ ಶಿಕ್ಷಕಿಯೂ, ಐದನೇ ನಿವೇಶನ ಕೊಳ್ಳುವ ಉದ್ಯಮಿಯೂ ಈ ಕಾನೂನಿನ ಕಣ್ಣಿಗೆ ಒಂದೇ. ಬೆಲೆ ಏರಿದಂತೆ ದರವೂ ಏರುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಕಾರಿನ ಜೀವಿತಾವಧಿ ತೆರಿಗೆಯಲ್ಲಿ ಐದು ಲಕ್ಷದೊಳಗಿನ ಕಾರಿಗೆ ಶೇ 13, ಇಪ್ಪತ್ತು ಲಕ್ಷ ಮೀರಿದ್ದಕ್ಕೆ ಶೇ 18 ಎಂದು ಕರ್ನಾಟಕ ಎಂದೋ ಮಾಡಿದೆ. 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೂ ಶೇ 10ರ ತೆರಿಗೆ ಬಂತು. ಕಾರಿಗೆ ಒಪ್ಪಿತವಾದ ನ್ಯಾಯ ನಿವೇಶನಕ್ಕೆ ಏಕೆ ಒಪ್ಪಿತವಲ್ಲ?

ಹೂಡಿಕೆದಾರರು ಹೈದರಾಬಾದಿಗೋ ಚೆನ್ನೈಗೋ ಹೋಗಿಬಿಡುತ್ತಾರೆ ಎಂಬ ಹೆದರಿಕೆ ಈ ಹಂತದಲ್ಲಿ ಕೇಳಿಬರುತ್ತದೆ. ಕಂಪನಿ ಹೋಗಬಹುದು, ನೆಲ ಹೋಗದು. ಬೆಂಗಳೂರಿನ ನೆಲದ ಬೆಲೆ ಏರಿದ್ದು ಮಾಲೀಕರ ಬೆವರಿನಿಂದಲ್ಲ. ಸಾರ್ವಜನಿಕ ಹಣದಲ್ಲಿ ಬಂದ ಮೆಟ್ರೊದಿಂದ, 2024ರ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗೆ ನೀರು ಹರಿಸಲು ಚಾಲನೆಗೊಂಡ ಕಾವೇರಿ ಐದನೇ ಹಂತದಿಂದ, ರಸ್ತೆಗಳಿಂದ. ಸಮಾಜ ಸೃಷ್ಟಿಸಿದ ಬೆಲೆಯಲ್ಲಿ ಸಮಾಜ ಪಾಲು ಕೇಳುವುದು ತಪ್ಪಲ್ಲ. ಸಂಡೂರಿನ ಕಬ್ಬಿಣದ ಅದಿರೂ ಎದ್ದು ಬೇರೆ ರಾಜ್ಯಕ್ಕೆ ಹೋಗುವುದಿಲ್ಲ. ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರ ಬಹುಮತದಿಂದ ತೀರ್ಪು ನೀಡಿತು. ಅದೇ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕ ಅದಕ್ಕಾಗಿ ಮಸೂದೆ ಅಂಗೀಕರಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆ ದಿಕ್ಕಿನಲ್ಲಿ ಇನ್ನೂ ದೂರ ಹೋಗಬೇಕು.

ಹೋಗದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಸಾಲದ ದಾರಿ ಮುಗಿಯುತ್ತ ಬಂದಿದೆ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ವಿತ್ತೀಯ ಕೊರತೆ ರಾಜ್ಯದ ಆಂತರಿಕ ಉತ್ಪನ್ನದ ಶೇ 3ರೊಳಗೆ, ಒಟ್ಟು ಹೊಣೆಗಾರಿಕೆ ಶೇ 25ರೊಳಗೆ ಇರಬೇಕು, ರಾಜಸ್ವ ಕೊರತೆ ಇರಲೇಬಾರದು ಎಂಬುದು ಅದರ ತಿರುಳು. 2025-26ರ ಬಜೆಟ್‌ನಲ್ಲಿ ವಿತ್ತೀಯ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91. ಎರಡೂ ಗೋಡೆಗೆ ಆತುಕೊಂಡು ನಿಂತಿವೆ. ರಾಜಸ್ವ ಕೊರತೆಯಂತೂ 19,262 ಕೋಟಿ. ಅಂದರೆ ಸಂಬಳ, ಪಿಂಚಣಿ, ಸಬ್ಸಿಡಿಯಂಥ ದಿನನಿತ್ಯದ ಖರ್ಚಿಗೂ ಅಷ್ಟು ಸಾಲ. ಆ ವರ್ಷ ಎತ್ತಲು ಉದ್ದೇಶಿಸಿದ ಸಾಲ 1,16,000 ಕೋಟಿ. ಬಡ್ಡಿಗೆಂದೇ ವರ್ಷಕ್ಕೆ ಸುಮಾರು 45 ಸಾವಿರ ಕೋಟಿ ಬೇಕು. ಶಿಕ್ಷಣಕ್ಕೆ ಇಟ್ಟದ್ದು 45,286 ಕೋಟಿ. ರಾಜ್ಯದ ಎಲ್ಲ ಶಾಲೆ, ಕಾಲೇಜುಗಳಿಗೆ ಕೊಡುವಷ್ಟನ್ನು ನಾವು ಹಳೆಯ ಸಾಲದ ಬಡ್ಡಿಗೂ ಕೊಡುತ್ತಿದ್ದೇವೆ.

ಗ್ಯಾರಂಟಿಗಳನ್ನು ನಿಲ್ಲಿಸಿ, ಎಲ್ಲ ಸರಿಹೋಗುತ್ತದೆ ಎನ್ನುವವರು ಬಹಳ ಮಂದಿ. ಐದು ಗ್ಯಾರಂಟಿಗಳಿಗೆ ಇಟ್ಟ 51,034 ಕೋಟಿ ಬಜೆಟ್‌ನ ಎಂಟನೇ ಒಂದು ಭಾಗ, ಸಣ್ಣದಲ್ಲ. ಆದರೆ ಜಿಎಸ್‌ಟಿ, ಡೀಸೆಲ್, ಮದ್ಯದ ರೂಪದಲ್ಲಿ ಬೊಕ್ಕಸಕ್ಕೆ ಹೆಚ್ಚು ಕೊಡುವವರು ಸಾಮಾನ್ಯ ಜನ ಎಂದಾದರೆ, ಅವರ ಕೈಗೆ ಒಂದಿಷ್ಟು ಹಿಂತಿರುಗುವುದನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವುದು ಲೆಕ್ಕ ಗೊತ್ತಿಲ್ಲದವರ ಮಾತು. ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಗಾರ್ಮೆಂಟ್ಸ್ ಹೆಣ್ಣುಮಗಳು ಯಾರ ಋಣದಲ್ಲೂ ಇಲ್ಲ. ಗ್ಯಾರಂಟಿ ಕೊಟ್ಟದ್ದು ತಪ್ಪಲ್ಲ. ಅದಕ್ಕೆ ಬೇಕಾದ ಹಣವನ್ನು ಉಳ್ಳವರಿಂದ ಕೇಳುವ ಧೈರ್ಯ ತೋರದೆ ಸಾಲದಿಂದಲೂ ಮದ್ಯದಿಂದಲೂ ಹೊಂದಿಸಲು ಹೊರಟದ್ದು ತಪ್ಪು.

ಕೇಂದ್ರದ ಅನ್ಯಾಯದ ಮಾತೂ ಬರುತ್ತದೆ, ಬರಬೇಕು. ಹದಿನೈದನೇ ಹಣಕಾಸು ಆಯೋಗ ತೆರಿಗೆ ಪಾಲಿನಲ್ಲಿ ಕರ್ನಾಟಕದ ಭಾಗವನ್ನು ಶೇ 4.713ರಿಂದ 3.647ಕ್ಕೆ ಇಳಿಸಿತು. ಸೆಸ್, ಸರ್‌ಚಾರ್ಜ್‌ಗಳು ಹಂಚಿಕೆಗೇ ಬರುವುದಿಲ್ಲ. 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ, ಸಚಿವರು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತದ್ದು ನ್ಯಾಯವಾದ ಹೋರಾಟ. ಆದರೆ ದೆಹಲಿ ರಾಜ್ಯಕ್ಕೆ ಮಾಡುವ ಅನ್ಯಾಯವನ್ನು ಎತ್ತಿ ತೋರಿಸುವ ನೈತಿಕ ಬಲ, ರಾಜ್ಯ ತನ್ನ ಬಡವರಿಗೆ ತೆರಿಗೆಯಲ್ಲಿ ನ್ಯಾಯ ಮಾಡಿದಾಗ ಇಮ್ಮಡಿಯಾಗುತ್ತದೆ.

ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ಬಜೆಟ್ ದಾಖಲೆಗಳ ಜೊತೆ ರಾಜ್ಯ ಸರ್ಕಾರ ಹಲವು ವರ್ಷಗಳಿಂದ ಮಹಿಳಾ ಉದ್ದೇಶಿತ ಆಯವ್ಯಯವನ್ನು, ಈಚೆಗೆ ಮಕ್ಕಳ ಆಯವ್ಯಯವನ್ನು ಪ್ರತ್ಯೇಕ ಸಂಪುಟವಾಗಿ ಕೊಡುತ್ತಿದೆ. ಯಾವ ಆದಾಯವರ್ಗದ ಮನೆ ಯಾವ ತೆರಿಗೆಯ ಮೂಲಕ ಬೊಕ್ಕಸಕ್ಕೆ ಎಷ್ಟು ಕೊಡುತ್ತದೆ ಎಂಬ ಅಂದಾಜಿನ ಇನ್ನೊಂದು ಸಂಪುಟವನ್ನು ಅದಕ್ಕೆ ಸೇರಿಸಬೇಕು. ಜೊತೆಗೆ ಅಬಕಾರಿ ಆದಾಯದ ಪಾಲನ್ನು ಮುಂದಿನ ಐದು ವರ್ಷಗಳಲ್ಲಿ ಎಷ್ಟು ಇಳಿಸುತ್ತೇವೆ, ಆ ಜಾಗವನ್ನು ಯಾವುದರಿಂದ ತುಂಬುತ್ತೇವೆ ಎಂಬ ಒಂದು ಪುಟ. ಮುಂದಿನ ಬಜೆಟ್ ಬಂದಾಗ ನಿಮ್ಮ ತಾಲ್ಲೂಕಿಗೆ ಏನು ತಂದಿರಿ ಎಂದು ಶಾಸಕರನ್ನು ಖಂಡಿತ ಕೇಳಿ. ಆ ಹಣವನ್ನು ಯಾರಿಂದ ತಂದಿರಿ ಎಂದೂ ಕೇಳಿ.